ಸದ್ದಿಲ್ಲದ ಕಾರು, ನಿದ್ದೆಯಿಲ್ಲದ ಮಗಳು

ನಮ್ಮ ಪುಟ್ಟ ಕಾರಿನ ಬಾಯಿ ಮುಚ್ಚಿಸುವ ಮಹಾಕಾರ್ಯ ನನ್ನಿಂದಲೇ ಆಗಬೇಕು ಎಂದು ಒಂದು ಬೆಳಿಗ್ಗೆ ಹಲ್ಲುಜ್ಜುತ್ತಲೇ ಶಪಥ ಮಾಡಿದೆ. ಗಂಡನನ್ನು ನಂಬಿ ಕೂತರೆ ಮಗಳು ಕಾರು ಓಡಿಸಲು ಕಲಿಯುವ ಹೊತ್ತಿಗೂ ಆ ಕೆಲಸ ಆಗುವಂತಿರಲಿಲ್ಲ.

ಆ ಸದ್ದನ್ನು ಕೇಳದವರಿಗೆ ವಿವರಿಸುವುದು ಕಷ್ಟ. ಎಂಜಿನ್ ತಣ್ಣಗಿಡುವ ಫ್ಯಾನು ಅದು. ಏಸಿ ಹಾಕಿದ ಕೂಡಲೇ ಬಾನೆಟ್ಟಿನೊಳಗಿಂದ ‘ಗುರ್ರ್ರ್’ ಎಂದು ಶುರುವಾಗಿ, ನಡುನಡುವೆ ಉಸಿರು ತೆಗೆದುಕೊಂಡಂತೆ ‘ಕಟಕ್’ ಎನ್ನುತ್ತಿತ್ತು. ಯಾರೋ ಜಲ್ಲಿಕಲ್ಲನ್ನು ಮಿಕ್ಸಿಗೆ ಹಾಕಿದ ಹಾಗೆ. ನಾವು ಬೀದಿಯ ತಿರುವಿಗೆ ಬರುವಷ್ಟರಲ್ಲೇ ಅತ್ತೆ ಗೇಟು ತೆಗೆಯಲು ಎದ್ದಿರುತ್ತಿದ್ದರು.

ನನ್ನ ಚಿಂತೆಯೆಲ್ಲ ಮಗಳು ಪುಟ್ಟಿಯದು. ಅವಳಿಗಿನ್ನೂ ವರ್ಷ ತುಂಬಿಲ್ಲ. ಹಗಲು ಹೊತ್ತು ತೊಟ್ಟಿಲು, ತೊಡೆ, ಹೆಗಲು ಯಾವುದರಲ್ಲೂ ಕಣ್ಣು ಮುಚ್ಚದವಳು ಕಾರಿನಲ್ಲಿ ಮಾತ್ರ ಮಲಗುತ್ತಾಳೆ. ಮಧ್ಯಾಹ್ನ ಊಟಕ್ಕೆ ಬರುವ ಇವರು ಕಾರು ಓಡಿಸಬೇಕು, ಹಿಂದಿನ ಸೀಟಿನಲ್ಲಿ ಅವಳ ಪಕ್ಕ ನಾನು ಕೂರಬೇಕು. ಆ ನಿದ್ದೆ ತಪ್ಪಿತೋ, ಸಂಜೆಯವರೆಗೂ ಅಳು. ಮೊದಲು ಅವಳದು, ಆಮೇಲೆ ನನ್ನದು. ಇಂಥ ಅಮೂಲ್ಯವಾದ ನಿದ್ದೆಯ ಎದುರಿಗೇ ಜಲ್ಲಿ ರುಬ್ಬುವುದೇ? ಎಳೆಯ ಕಿವಿಗೆ ಏನಾದರೂ ಆದರೆ? ಫೋನಿನಲ್ಲಿ ಹುಡುಕಿದೆ. ಹುಡುಕಬಾರದಿತ್ತು. ಓದಿ ಮುಗಿಸುವಷ್ಟರಲ್ಲಿ ನನ್ನ ಮನಸ್ಸಿನಲ್ಲಿ ಮಗಳಿಗೆ ಕಿವುಡು ಬಂದು ಆಗಿತ್ತು.

“ರೀ, ಫ್ಯಾನ್ ಬದಲಾಯಿಸ್ಬೇಕು.”

“ತಿರುಗ್ತಿದೆಯಲ್ಲೇ.”

“ಮಗು ನೆಮ್ಮದಿಯಾಗಿ ಮಲಗೋದು ಬೇಡ್ವಾ?”

“ಮಲಗ್ತಿದಾಳಲ್ಲೇ.”

ಗಂಡಸರಿಗೆ ದೂರದೃಷ್ಟಿ ಎಂಬುದಿಲ್ಲ. ಇವರು ಆಫೀಸಿಗೆ ನಡೆದು ಹೋದ ಮೇಲೆ ಪುಟ್ಟಿಯನ್ನು ಅತ್ತೆಯ ಕೈಗೆ ಕೊಟ್ಟು ಕಾರು ತೆಗೆದುಕೊಂಡು ಗ್ಯಾರೇಜಿಗೆ ನುಗ್ಗಿದೆ.

ಮೆಕ್ಯಾನಿಕ್ ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, “ಬೇರಿಂಗ್ ಸವೆದಿದೆ ಮೇಡಂ. ಮೋಟಾರ್ ಸಮೇತ ಹೊಸದು ಹಾಕಿಬಿಡೋಣ. ಹಳೇದು ಬೇಕಾ?” ಎಂದ.

“ಅದರ ಮುಖಾನೂ ತೋರಿಸ್ಬೇಡಿ” ಎಂದೆ, ಗೆದ್ದ ಮಹಾರಾಣಿಯ ಗತ್ತಿನಲ್ಲಿ.

ಹೊಸ ಫ್ಯಾನು ತಿರುಗುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕು, ಅಷ್ಟು ಮೌನ. ಮಧ್ಯಾಹ್ನ ಇವರನ್ನು ಸ್ಟೀರಿಂಗಿನ ಮುಂದೆ ಕೂರಿಸಿ, ಪುಟ್ಟಿಯ ಪಕ್ಕ ನಾನು ಕೂತು, “ಕೇಳಿಸ್ಕೊಳ್ಳಿ” ಎಂದೆ.

“ಏನೂ ಕೇಳಿಸ್ತಿಲ್ಲ.”

“ಅದನ್ನೇ ಕೇಳಿಸ್ಕೊಳ್ಳಿ ಅಂದಿದ್ದು.”

ಪುಟ್ಟಿಯೂ ಕೇಳಿಸಿಕೊಂಡಳು. ಕಣ್ಣು ಅಗಲಿಸಿ ಸುತ್ತ ನೋಡಿದಳು. ಒಂದು ಸುತ್ತು ಮುಗಿಯಿತು, ಇನ್ನೊಂದು ಮುಗಿಯಿತು. ಅವಳ ತುಟಿ ಕೆಳಗಿಳಿಯಿತು. ಆಮೇಲೆ ಎದ್ದ ಅಳುವಿನ ಮುಂದೆ ಹಳೆಯ ಫ್ಯಾನು ಪಿಸುಮಾತು.

ಮರುದಿನವೂ ಅದೇ, ಅದರ ಮರುದಿನವೂ ಅದೇ. ಫೋನಿನಲ್ಲಿ ಯಾವುದೋ ಫ್ಯಾನಿನ ಸದ್ದು ಹಾಕಿದೆ. ಪುಟ್ಟಿ ಫೋನು ಕಸಿದು ಚೀಪಿದಳು. ಮನೆಯಲ್ಲಿ ಖಾಲಿ ಮಿಕ್ಸಿ ತಿರುಗಿಸಿದೆ. ಪುಟ್ಟಿ ಬೆಚ್ಚಿದಳು, ಅತ್ತೆ ಅವಳಿಗಿಂತ ಹೆಚ್ಚು ಬೆಚ್ಚಿದರು. ನಿದ್ದೆಗೆಟ್ಟು ಕೆಂಪಾದ ಕಣ್ಣುಗಳನ್ನು ಪುಟ್ಟ ಮುಷ್ಟಿಯಿಂದ ಉಜ್ಜಿಕೊಳ್ಳುತ್ತ ಅವಳು ನನ್ನನ್ನು ನೋಡಿದರೆ ನಾನು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದೆ.

“ಅಲ್ಲ ಕಣೇ,” ಇವರು ಕಾರು ನಿಲ್ಲಿಸಿ ಸ್ಟೀರಿಂಗಿನ ಮೇಲೆ ಗಲ್ಲವೂರಿ ಹೇಳಿದರು, “ಇವಳು ಹೊಟ್ಟೇಲಿದ್ದಾಗ್ಲೇ ನೀನು ಇದೇ ಕಾರಲ್ಲಿ ದಿನಾ ಆಫೀಸಿಗೆ ಹೋಗ್ತಿದ್ದೆ. ಹುಟ್ಟೋಕೆ ಮುಂಚೆಯಿಂದ ಕೇಳಿದ ಜೋಗುಳ ಅದು.”

ಮಗಳ ಜೋಗುಳವನ್ನು ನಾನೇ ನಿಂತು ಬಿಚ್ಚಿಸಿ ಬಂದಿದ್ದೆ. ಜೊತೆಗೆ ಬಿಲ್ಲು ಬೇರೆ.

ಗ್ಯಾರೇಜಿಗೆ ಓಡಿದೆ. “ಆ ಹಳೇ ಫ್ಯಾನ್ ವಾಪಸ್ ಹಾಕ್ಕೊಡ್ತೀರಾ?”

ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟ. “ಅದನ್ನ ಒಡೆದು ತಾಮ್ರ ತೆಗೆದಾಯ್ತಲ್ಲ ಮೇಡಂ. ಯಾಕೆ, ಹೊಸದು ಸದ್ದು ಮಾಡ್ತಿದೆಯಾ?”

“ಇಲ್ಲ. ಅದೇ ತೊಂದರೆ.”

“ಜನ ಸದ್ದು ತೆಗೆಸೋಕೆ ಬರ್ತಾರೆ, ನೀವು ಹಾಕಿಸೋಕೆ ಬಂದಿದೀರ. ಇದಕ್ಕೂ ಬೇರಿಂಗ್ ಸವೆಯತ್ತೆ ಬಿಡಿ. ಒಂದೈದಾರು ವರ್ಷ ಕಾಯ್ರಿ.”

ಅಷ್ಟು ವರ್ಷ ನಿದ್ದೆಗೆಡುವ ಚೈತನ್ಯ ಪುಟ್ಟಿಗಿದ್ದೀತು, ನನಗಿರಲಿಲ್ಲ. ಅಂದು ಮಧ್ಯಾಹ್ನ ಕಾರಿನಲ್ಲಿ ಅವಳು ರಾಗ ಎಳೆಯಲು ಶುರುಮಾಡಿದಾಗ, ನಾಚಿಕೆ ಬಿಟ್ಟು ಅವಳ ಕಿವಿಯ ಬಳಿ ಬಾಗಿ ಗಂಟಲಿನಿಂದ ‘ಗುರ್ರ್ರ್’ ಎಂದೆ. ಅಳು ನಿಂತಿತು. ನಾಲಿಗೆಯನ್ನು ಅಂಗುಳಿಗೆ ಬಡಿದು ‘ಕಟಕ್’ ಎಂದೆ. ರೆಪ್ಪೆ ಇಳಿಯಿತು. ಮತ್ತೆ ಗುರ್ರ್ರ್, ಮತ್ತೆ ಕಟಕ್. ನನ್ನ ಬೆರಳು ಹಿಡಿದಿದ್ದ ಅವಳ ಮುಷ್ಟಿ ಸಡಿಲವಾಯಿತು. ಮುಂದಿನ ಸೀಟಿನಲ್ಲಿ ಇವರ ಭುಜಗಳು ಕುಣಿಯುತ್ತಿದ್ದವು. ನಕ್ಕರೆ ನಗಲಿ. ನಾನು ನಿಲ್ಲಿಸಿದೆನೋ, ಪುಟ್ಟಿ ಎಚ್ಚರ.

ಗುರುಗುಟ್ಟಿ ಗುರುಗುಟ್ಟಿ ನಾನು ಏಸಿಯಲ್ಲೂ ಬೆವರಿದ್ದು ನೋಡಿ ಇವರು ಕಿಟಕಿಯ ಗಾಜು ಇಳಿಸಿದರು. ಸಿಗ್ನಲ್ಲಿನಲ್ಲಿ ಪಕ್ಕದಲ್ಲೇ ಒಂದು ಸ್ಕೂಟರ್ ಬಂದು ನಿಂತಿತು. ಸವಾರ ಬಾನೆಟ್ಟಿನತ್ತ ತಲೆ ವಾಲಿಸಿ ಗಂಭೀರವಾಗಿ ಕೇಳಿಸಿಕೊಂಡ.

“ಸರ್, ನಿಮ್ಮ ಕಾರಿನ ಫ್ಯಾನ್ ಬೇರಿಂಗ್ ಹೋಗಿದೆ ಅನ್ಸತ್ತೆ. ಹಾಗೇ ಓಡಿಸ್ಬೇಡಿ, ಬದಲಾಯಿಸಿಬಿಡಿ.”

ಇವರು ಕನ್ನಡಿಯಲ್ಲಿ ನನ್ನ ಮುಖ ನೋಡಿ, ನಿಟ್ಟುಸಿರು ಬಿಟ್ಟು, “ಈ ಮಾಡೆಲ್‌ಗೆ ಬೇರೆ ಸಿಗಲ್ಲ ಸರ್” ಎಂದರು. “ಇರೋದ್ರಲ್ಲೇ ಹೇಗೋ ಓಡಿಸ್ತಿದೀನಿ.”

ತಕ್ಕ ಉತ್ತರ ನನ್ನ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಪುಟ್ಟಿಯ ರೆಪ್ಪೆ ಅಲುಗಿತು. ಉತ್ತರವನ್ನು ನುಂಗಿಕೊಂಡು ಕಟಕ್ ಎಂದೆ.