ಕೋಟೆಮನೆಯ ಗೃಹಪ್ರವೇಶ

2007ನೇ ಇಸವಿ, ಫೆಬ್ರವರಿ 22, ಗುರುವಾರ, ಶಿಶಿರ ಋತು, ಉದ್ದನಪಲ್ಲಿಯ ಮೇಲೆ ದಟ್ಟವಾಗಿ ಮಂಜು ಕವಿದಿತ್ತು. ನಿವೃತ್ತ ಮುಖ್ಯೋಪಾಧ್ಯಾಯ ಹನುಮಂತರಾಯಪ್ಪನವರು, ಪಾಳೇಗಾರರ ಕಾಲದ ತಮ್ಮ ಕೋಟೆಮನೆಯ ಮುಂದೆ ರೇಷ್ಮೆ ಪಂಚೆಯುಟ್ಟು ಗಡಿಯಾರ ನೋಡುತ್ತ ನಿಂತಿದ್ದರು. ಪಾಳುಬಿದ್ದಿದ್ದ ಆ ಕಟ್ಟಡದ ಜೀರ್ಣೋದ್ಧಾರಕ್ಕೆ ಮೂರು ವರ್ಷ, ಎರಡು ತಿಂಗಳು, ಒಂಬತ್ತು ದಿನ ಹಿಡಿದಿತ್ತು. ಮದ್ದುಗುಂಡಿನ ಕೋಣೆ ಅಡುಗೆಮನೆಯಾಗಿತ್ತು. ಬುರುಜಿನಲ್ಲಿ ಪಾಶ್ಚಾತ್ಯ ಶೈಲಿಯ ಶೌಚಪೀಠ ವಿರಾಜಮಾನವಾಗಿತ್ತು (ಕುಳಿತಲ್ಲಿಂದಲೇ ಶತ್ರುಸೈನ್ಯದ ಚಲನವಲನ ಗಮನಿಸಬಹುದು). ಬಾಗಿಲ ಓಣಿಯನ್ನು ಮಾತ್ರ ಅವರು ಯಾರಿಗೂ ಮುಟ್ಟಗೊಡಲಿಲ್ಲ. ಶತ್ರು ನೇರವಾಗಿ ನುಗ್ಗಬಾರದೆಂದು ಹಿರಿಯರು ಅದನ್ನು ಕಿರಿದಾಗಿ, ಮೊಣಕೈಯಂತೆ ತಿರುಗಿಸಿ ಕಟ್ಟಿದ್ದರು. ಅಗಲ ಮಾಡಿಸಿರೆಂದು ಪತ್ನಿ ಚೆನ್ನಮ್ಮ ಬೇಡಿದ್ದೆಲ್ಲ ವ್ಯರ್ಥವಾಗಿತ್ತು.

ಕುಂಭ ಲಗ್ನ 6.10ರಿಂದ 7.25ರವರೆಗೆ. ಅಷ್ಟರೊಳಗೆ ಮೊದಲು ಹಸು, ಅದರ ಹಿಂದೆ ದಂಪತಿಗಳು ಒಳಹೋಗಿ ಹಾಲುಕ್ಕಿಸಬೇಕು. ತಪ್ಪಿದರೆ ಎರಡು ತಿಂಗಳು ಬೇರೆ ಮುಹೂರ್ತವಿಲ್ಲ. ಹನ್ನೊಂದು ವರ್ಷ ಬಾಡಿಗೆಗಿದ್ದ ಆಲಸನತ್ತಂನ ಮನೆಯನ್ನೋ ತಿಂಗಳ ಕೊನೆಗೆ ಬಿಟ್ಟುಕೊಡಲೇಬೇಕು.

6.40ಕ್ಕೆ ಆವುಲಪ್ಪನ ಹಸು ಓಣಿ ಹೊಕ್ಕಿತು. 6.42ಕ್ಕೆ ತಿರುವಿನಲ್ಲಿ ಸಿಕ್ಕಿಕೊಂಡಿತು.

"ಮುಂದಕ್ಕೂ ಹೋಗ್ತಿಲ್ಲ, ಹಿಂದಕ್ಕೂ ಬತ್ತಿಲ್ಲ ಮೇಷ್ಟ್ರೇ. ತುಂಬಿದ ಗಬ್ಬ ನೋಡಿ," ಎಂದ ಆವುಲಪ್ಪ, ಬಾಲ ಹಿಡಿದುಕೊಂಡೇ. "ಯಾರಾನಾ ಗೋಡೆ ಹತ್ತಿ ಒಳೀಕೆ ಇಳ್ದು, ಮುಂದ್ಗಡೆಯಿಂದ ಹುಲ್ಲು ತೋರಿಸಿದ್ರೆ ಬತ್ತದೆ."

"ಗೋವಿಗಿಂತ ಮುಂಚೆ ಮನುಷ್ಯಮಾತ್ರದವನು ಕಾಲಿಡುವಂತಿಲ್ಲ!" ಎಂದರು ಹನುಮಂತರಾಯಪ್ಪನವರು.

"ಮೂರು ವರ್ಸದಿಂದ ಗಾರೆಯೋರು ಬಂದು ಹೋದ್ರಲ್ಲ, ಅವ್ರೇನು ಮನುಷ್ಯರಲ್ವಾ?" ಎಂದಳು ಚೆನ್ನಮ್ಮ.

"ಅದು ಕೆಲಸ. ಇದು ಪ್ರವೇಶ."

"ಸಿಗಾಕ್ಕೊಂಡೈತೆ ನೋಡಿ ನಿಮ್ಮ ಶತ್ರು. ಸಮಾಧಾನ ಆಯ್ತಾ?"

ಪುರೋಹಿತರು ಜೂಜುವಾಡಿಯಲ್ಲಿ ಇನ್ನೊಂದು ಗೃಹಪ್ರವೇಶವಿದೆಯೆಂದು ಬೈಕ್ ಹತ್ತಿದರು. ಹನುಮಂತರಾಯಪ್ಪನವರ ಕಣ್ಣೆದುರಿಗೇ ನಿಮಿಷದ ಮುಳ್ಳು ಇಪ್ಪತ್ತೈದನ್ನು ದಾಟಿತು. ಜೀವಮಾನದಲ್ಲಿ ಒಮ್ಮೆಯೂ ಶಾಲೆಗೆ ತಡವಾಗಿ ಹೋಗದವರು ಗಡಿಯಾರವನ್ನು ಬಿಚ್ಚಿ ಕಿವಿಗೆ ಹಿಡಿದು ನೋಡಿದರು. 7.26ಕ್ಕೆ ಹಸು, ಯಾರ ಮಾತಿಗೂ ಕಾಯದೆ, ಮೈ ಕೊಡವಿ ಸಲೀಸಾಗಿ ತಿರುಗಿ ಒಳನಡೆಯಿತು.

ಚೆನ್ನಮ್ಮ ಹಾಲಿನ ಪಾತ್ರೆ ಎತ್ತಿಕೊಂಡಳು.

"ನಿಲ್ಲು! ಒಂದು ನಿಮಿಷ ಮೀರಿದೆ!"

"ನಿಮಗೆ ಒಂದು ನಿಮಿಷ. ನಂಗೆ ಹನ್ನೊಂದು ವರ್ಸ ಮೀರೈತೆ. ಬರೋದಾದ್ರೆ ಬನ್ನಿ."

ಅವಳ ಹಿಂದೆ ನೆಂಟರು ಹೋದರು, ನೆಂಟರ ಹಿಂದೆ ಊರು ಹೋಯಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೇಸರಿಬಾತಿನ ಘಮ ಬಂತು. ಯಜಮಾನರು ಹೊರಗೆ ಒಬ್ಬರೇ ಉಳಿದರು.

ಮುಂದೆ ನಡೆದದ್ದು ಇಷ್ಟು: ಮಾರ್ಚ್ 1ರಿಂದ ಹನುಮಂತರಾಯಪ್ಪನವರು ಬಾಗಿಲ ಹೊರಗಿನ ಜಗಲಿಯಲ್ಲಿ ವಾಸ್ತವ್ಯ ಹೂಡಿದರು, ಊಟ ಅಲ್ಲಿಗೇ ಬರುತ್ತಿತ್ತು. ಏಪ್ರಿಲ್ 26ರ ಮುಹೂರ್ತಕ್ಕೆ ಕರೆತಂದ ಅದೇ ಹಸು, ಆ ಓಣಿಯನ್ನು ಕಂಡೊಡನೆ ಹಗ್ಗ ಕಿತ್ತುಕೊಂಡು ಓಡಿತು. ಮೇ 6, ಭಾನುವಾರ, ಆಲಿಕಲ್ಲು ಮಳೆ ಸುರಿದು, ಸಂಜೆ 4.50ಕ್ಕೆ, ಅಪ್ಪಟ ರಾಹುಕಾಲದಲ್ಲಿ, ಅವರು ತಲೆಯ ಮೇಲೆ ಚಾಪೆ ಹೊದ್ದು ಓಡುತ್ತ ಗೃಹಪ್ರವೇಶ ಮಾಡಿದರು.