ಉಪ್ಪು ನೋಡಿದ ತಪ್ಪಿಗೆ

ಕಾರ್ಖಾನೆಯ ಅಡುಗೆಯವನು ಎರಡು ಸೌಟು ಸೂಪು ಕುಡಿದು, "ಉಪ್ಪು ಸರಿಯಾಗಿದೆ" ಅಂತ ತಲೆ ಎತ್ತಿದ್ದೇ ತಪ್ಪಾಯಿತು. ಹಂಡೆಯ ನೆತ್ತಿಗೆ ಸರಿಯಾಗಿ, ಮೇಲಿನ ಹಲಗೆಯಲ್ಲಿ, ಇಲಿಪಾಷಾಣದ ಡಬ್ಬಿ ಬಾಯಿ ತೆರೆದುಕೊಂಡು ಮಗುಚಿಬಿದ್ದಿತ್ತು. ಅರ್ಧಕ್ಕರ್ಧ ಪುಡಿ ಮಾಯ.

ಅವನು ಸೌಟು ಅಲ್ಲೇ ಎಸೆದ. ಓಡಿಹೋಗಿ ಮ್ಯಾನೇಜರ ಮುಂದೆ ಕೈಮುಗಿದ. "ಸಾರ್, ಸೂಪು ಚೆಲ್ಲಿಬಿಡೋಣ."

"ಚೆಲ್ಲೋದಾ? ಇವತ್ತು ಮಾಲೀಕರೂ ಇಲ್ಲೇ ಊಟಕ್ಕೆ ಬರ್ತಿದಾರೆ ಕಣಯ್ಯಾ! ಪುಡಿ ಹಂಡೆಗೇ ಬಿತ್ತು ಅಂತ ಕಂಡವರು ಯಾರು? ಇಲಿ ತಿಂದಿರಬಹುದು." ಮ್ಯಾನೇಜರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಹೇಗೂ ನೀನು ಕುಡಿದಾಗಿದೆ. ಊಟದ ಗಂಟೆವರೆಗೆ ಸುಮ್ಮನೆ ಕೂತಿರು. ನಿನಗೇನೂ ಆಗದಿದ್ರೆ ಬಡಿಸೋಣ."

"ಏನಾದ್ರೂ ಆದ್ರೆ?"

"ಆಗ ಚೆಲ್ಲೋಣ. ನಾನೇನು ಕಟುಕನಾ?"

ಅಡುಗೆಯವನು ಸ್ಟೂಲಿನ ಮೇಲೆ ಕುಸಿದ. ಮನೆಯಲ್ಲಿ ಹೆಂಡತಿ ತುಂಬು ಬಸುರಿ. "ಅಯ್ಯೋ, ಮಗು ಮುಖಾನೂ ನೋಡದೆ ಹೋಗ್ತೀನಲ್ಲಾ" ಅಂತ ಕಣ್ಣೀರಿಟ್ಟ.

ಪಾತ್ರೆ ತಿಕ್ಕುವ ಅಕ್ಕನ ಕರುಳು ಚುರುಕ್ಕೆಂದಿತು. "ಇದ್ದಿಲು ತಿನ್ನು ತಮ್ಮಾ! ವಿಷ ಎಲ್ಲಾ ಹೀರ್ಕೊಳ್ಳತ್ತೆ. ಆಸ್ಪತ್ರೇಲೂ ಅದನ್ನೇ ಕುಡಿಸ್ತಾರೆ."

"ಅದು ಬೇರೆ ಇದ್ದಿಲು ಕಣಕ್ಕಾ" ಅಂದ ಉಗ್ರಾಣದವನು.

"ಇದ್ದಿಲು ಇದ್ದಿಲೇ! ನಮ್ಮ ಬಾವಿ ನೀರಿನ ವಾಸನೆ ಹೋಗಿದ್ದು ಒಲೆ ಇದ್ದಿಲಿಂದಲೇ. ಇವನ ಹೊಟ್ಟೆ ಬಾವಿಗಿಂತ ದೊಡ್ಡದಾ?"

ಸಾಯಲು ಕೂತವನಿಗೆ ವಾದ ಯಾಕೆ? ಅಕ್ಕ ಒಲೆಯ ಇದ್ದಿಲನ್ನು ಕುಟ್ಟಿ, ನೀರಲ್ಲಿ ಕಲಸಿ, ಅವನ ಮೂಗು ಹಿಡಿದು ಬಾಯಿಗೆ ಹೊಯ್ದಳು. ಉಗ್ರಾಣದವನೂ ಸೋಲೊಪ್ಪುವವನಲ್ಲ, ಪ್ರಥಮ ಚಿಕಿತ್ಸೆಯ ಕೋಣೆಗೆ ಓಡಿ, ಔಷಧದ ಇದ್ದಿಲಿನ ಸೀಸೆಯನ್ನೇ ತಂದು ಅದರ ಮೇಲೆ ಹೊಯ್ದ. ಅಡುಗೆಯವನ ಬಾಯಿ ಒಲೆಯ ಬಾಯಿಯಂತಾಯಿತು.

ಊಟದ ಗಂಟೆ ಹೊಡೆಯಿತು. ವಾಂತಿಯಿಲ್ಲ, ಹೊಟ್ಟೆನೋವಿಲ್ಲ. ಬದುಕಿದೆನಲ್ಲ ಅಂತ ಅಕ್ಕನ ಕೈ ಹಿಡಿದು ಗೊಳೋ ಎಂದು ಅತ್ತ.

ಮ್ಯಾನೇಜರು ಬಂದರು. "ಭೇಷ್! ಇನ್ನು ಬಡಿಸ್ರೋ..." ಎನ್ನುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು. "ಇದೇನಯ್ಯಾ ನಿನ್ನ ಬಾಯಿ?"

"ಇದ್ದಿಲು ಸಾರ್!" ಅಕ್ಕನಿಗೆ ಹೆಮ್ಮೆ. "ವಿಷ ಇದ್ದಿದ್ರೂ ಒಂದು ಹನಿ ಬಿಡದೆ ಹೀರಿರತ್ತೆ."

ಮ್ಯಾನೇಜರು ಹಣೆ ಚಚ್ಚಿಕೊಂಡರು. "ಎಲ್ಲಾ ಹಾಳು ಮಾಡಿದ್ರಲ್ಲಾ! ಇವನು ಬದುಕಿದ್ದು ವಿಷ ಇಲ್ಲದ್ದಕ್ಕೋ, ಇದ್ದಿಲು ತಿಂದದ್ದಕ್ಕೋ? ಯಾವ ಧೈರ್ಯದ ಮೇಲೆ ಮಾಲೀಕರಿಗೆ ಬಡಿಸ್ಲಿ?"

ಮ್ಯಾನೇಜರು ಹಂಡೆಯೊಳಗೆ ಬಗ್ಗಿ ನೋಡಿದರು.

"ಊಟ ತಡ ಅಂತ ಹೇಳಿ. ಇವನಿಗೆ ಎರಡು ಬಟ್ಟಲು ಬಡಿಸಿ."

"ಎರಡು ಯಾಕೆ ಸಾರ್?" ಅಡುಗೆಯವನು ಹಿಂದಕ್ಕೆ ಸರಿದ.

"ಮೊದಲನೇದು ಹೊಟ್ಟೇಲಿರೋ ಇದ್ದಿಲಿಗೆ. ಎರಡನೇದು ನಿನಗೆ."

ಅಕ್ಕ ಕೈ ಒರೆಸಿಕೊಂಡು ಸೌಟು ಎತ್ತಿಕೊಂಡಳು.

"ಅಡಿಯಿಂದ ಚೆನ್ನಾಗಿ ಕಲಕಿ ಹಾಕಮ್ಮಾ" ಅಂದರು ಮ್ಯಾನೇಜರು.