ಅಕ್ಕನ ಅಡುಗೆಮನೆಗೆ ಬೆಲೆ ಕಟ್ಟಿದ್ದು

ಬೆಲೆ ಕಟ್ಟುವ ಕೆಲಸ ಮುಗಿಯುವ ತನಕ ಅದರಲ್ಲಿ ಯಾರೂ ಕೈಯಾಡಿಸಬಾರದು. ನನ್ನ ವೃತ್ತಿಯಲ್ಲಿ ನಿಯಮ ಅಂತ ನಾನು ಒಪ್ಪುವುದು ಇದೊಂದನ್ನೇ. ವ್ಯಾಪಾರ ಮಾರುವವರು, ಕೊಳ್ಳುವವರು, ಪಾಲು ಬಿಡಿಸಿಕೊಳ್ಳುವವರು ನನ್ನನ್ನು ಕರೆಸುತ್ತಾರೆ. ನಾನು ಮೊದಲ ದಿನವೇ ಈ ಮಾತನ್ನು ಕಾಗದದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿಕೊಳ್ಳುತ್ತೇನೆ. ಸಹಿ ಮಾಡಿದ ಪೆನ್ನಿಗೆ ಮುಚ್ಚಳ ಹಾಕುವ ಮೊದಲೇ ಯಾರೋ ಒಬ್ಬರು ಅದನ್ನು ಮುರಿದಿರುತ್ತಾರೆ. ಮ್ಯಾಂಚೆಸ್ಟರಿನಲ್ಲಿ ಕೂತು ಇಪ್ಪತ್ತು ವರ್ಷದಿಂದ ಇದನ್ನು ನೋಡುತ್ತಿದ್ದೇನೆ. ಆದರೆ ಲೀಡ್ಸಿನ ಒಂದು ಅಡುಗೆಮನೆಯ ವಿಷಯದಲ್ಲಿ ಮುರಿದಷ್ಟು ಬಗೆಯಲ್ಲಿ ಅದು ಇನ್ನೆಲ್ಲೂ ಮುರಿಯಲಿಲ್ಲ.

ಆ ಅಡುಗೆಮನೆ ಇಬ್ಬರದು, ಅರ್ಧರ್ಧ. ಒಬ್ಬರು ಧಾರವಾಡದ ಕಡೆಯವರು. ಊರಿಗೆಲ್ಲ ಅವರು ಅಕ್ಕ, ನನಗೂ ಅಕ್ಕ. ಇನ್ನೊಬ್ಬ ಬೆಂಗಳೂರಿನ ಎಂಜಿನಿಯರ್. ಅಕ್ಕ ಅಡುಗೆ ನೋಡುವುದು, ಇವನು ವ್ಯಾನು ಮತ್ತು ಫೋನು ನೋಡುವುದು. ನಾಲ್ಕು ಜನ ಹೆಂಗಸರು ಅಲ್ಲಿ ಕೆಲಸಕ್ಕಿದ್ದರು. ದಿನಾ ಎಪ್ಪತ್ತು ಸ್ಟೀಲ್ ಡಬ್ಬಿ ಊಟ ಆಸ್ಪತ್ರೆಗಳಿಗೆ ಹೋಗುತ್ತಿತ್ತು. ತಿನ್ನುವವರು ಬಹುಪಾಲು ನಮ್ಮ ಕಡೆಯ ಡಾಕ್ಟರುಗಳು. ರೋಟಾ ಎಂಬ ಪಾಳಿಪಟ್ಟಿಯ ಹೊಡೆತದಲ್ಲಿ ಮನೆಯೂಟ ಮರೆತವರು.

ಒಂಬತ್ತು ವರ್ಷ ರೊಟ್ಟಿ ಬಡಿದು ಅಕ್ಕನ ಮಣಿಕಟ್ಟು ಸೋತಿತ್ತು. ಗಿರಾಕಿಗಳಲ್ಲೇ ಒಬ್ಬರಾದ ಮೂಳೆ ಡಾಕ್ಟರು ಪರೀಕ್ಷೆ ಮಾಡಿ, "ಅಕ್ಕ, ಇನ್ನು ಮುಂದೆ ಒಂದು ರೊಟ್ಟಿಯನ್ನೂ ಬಡಿಯಕೂಡದು" ಅಂದರು. ಬಾಗಿಲ ತನಕ ಹೋಗಿ ತಿರುಗಿ ಬಂದು, "ಈ ಶನಿವಾರದ ನನ್ನ ಹತ್ತು ರೊಟ್ಟಿ ಬಿಟ್ಟು" ಅಂದರು.

ಹೀಗೆ ಅಕ್ಕ ಪಾಲು ಬಿಡುವುದೆಂದು, ಎಂಜಿನಿಯರ್ ಅದನ್ನು ಕೊಳ್ಳುವುದೆಂದು ಆಯಿತು. ಆ ಪಾಲಿನ ಹಣವೇ ಅಕ್ಕನ ಪೆನ್ಷನ್. ಬೇರೇನೂ ಇಲ್ಲ. ನಾನು ಬೆಲೆ ಕಡಿಮೆ ಕಟ್ಟಿದರೆ ಅವರ ಒಂಬತ್ತು ವರ್ಷಕ್ಕೆ ಅನ್ಯಾಯ. ಹೆಚ್ಚು ಕಟ್ಟಿದರೆ ಎಂಜಿನಿಯರ್ ಕೊಡಲಾರ. ಆಗ ಬರ್ಮಿಂಗ್‌ಹ್ಯಾಮ್ ಕಡೆಯ ಒಂದು ಸಿದ್ಧ ಊಟದ ಕಂಪನಿ ಕಾದು ಕೂತಿತ್ತು, ಹೆಸರನ್ನು ಕೊಂಡು ಅಡುಗೆಮನೆಗೆ ಬೀಗ ಹಾಕಲು. ನಾಲ್ವರು ಹೆಂಗಸರು ಬೀದಿಗೆ. ಆದ್ದರಿಂದ ಅಂಕಿ ಸರಿಯಾಗಿ ಬರಲೇಬೇಕಿತ್ತು.

ರುಬ್ಬುವ ಯಂತ್ರ

ಬೆಲೆ ಕಟ್ಟುವ ಮೊದಲ ದಾರಿ, ಇರುವ ಸಾಮಾನನ್ನು ಎಣಿಸುವುದು. ಬೆಳಿಗ್ಗೆ ಹತ್ತಕ್ಕೆ ಹೋದೆ. ಎಂಜಿನಿಯರ್ ಬಾಗಿಲಲ್ಲೇ ನಿಂತಿದ್ದ. ಕಾಗದಕ್ಕೆ ಸಹಿ ಮಾಡಿದ, ಕೂಡಲೇ ದನಿ ತಗ್ಗಿಸಿದ.

"ಸಾರ್, ಒಂದು ಮಾತು. ಒಟ್ಟು ಬೆಲೆ ಎಂಬತ್ತು ಸಾವಿರ ಪೌಂಡ್ ಒಳಗಿದ್ರೆ ಎಲ್ಲರಿಗೂ ಒಳ್ಳೇದು."

ನಾನು ಪುಸ್ತಕ ತೆಗೆದು ಬರೆದುಕೊಂಡೆ.

"ಎಂಬತ್ತು ಅಂತ ಬರೆದ್ರಾ ಸಾರ್?"

"ನಿಯಮ ಮುರಿಯಿತು, ಹತ್ತು ಗಂಟೆ ಮೂರು ನಿಮಿಷ ಅಂತ ಬರೆದೆ."

ಒಳಗೆ ಒಂದೊಂದೇ ಸಾಮಾನಿನ ಮುಂದೆ ನಿಂತೆವು. ಅವನ ಕಣ್ಣಿಗೆ ಎಲ್ಲವೂ ಹಳತು. ಫ್ರಿಜ್ಜು ಇವತ್ತೋ ನಾಳೆಯೋ. ಒಲೆ ಪುಣ್ಯಕ್ಕೆ ಉರಿಯುತ್ತಿದೆ. ದೊಡ್ಡ ರುಬ್ಬುವ ಯಂತ್ರದ ಹತ್ತಿರ ಬಂದಾಗ ಅವನು ಅದನ್ನು ಕಾಲಲ್ಲಿ ಮುಟ್ಟಿ ತೋರಿಸಿದ. "ಇದು ಗುಜರಿ ಸಾರ್. ಇಪ್ಪತ್ತು ಪೌಂಡ್ ಅಂತ ಹಾಕಿ. ಅದೂ ಹೆಚ್ಚಾಯ್ತು."

"ಸರಿ. ಹಾಗಾದರೆ ಅಕ್ಕ ಇದನ್ನು ಇವತ್ತೇ ಮನೆಗೆ ಒಯ್ಯಲಿ. ಅವರ ಪಾಲಿನಲ್ಲಿ ಇಪ್ಪತ್ತು ಪೌಂಡ್ ಕಳೆಯೋಣ."

ಅವನು ಯಂತ್ರಕ್ಕೂ ನನಗೂ ನಡುವೆ ಬಂದು ನಿಂತ. "ಅದು ಹೆಂಗೆ ಸಾರ್ ಆಗುತ್ತೆ? ಈ ಥರದ ಕಲ್ಲು ಇಡೀ ಯಾರ್ಕ್‌ಶೈರಲ್ಲಿ ಇನ್ನೊಂದಿಲ್ಲ. ಇದಿಲ್ದೆ ನಾಳೆ ದೋಸೆ ಹಿಟ್ಟು ಯಾರು ಮಾಡ್ತಾರೆ?"

ಇಷ್ಟು ವರ್ಷದಲ್ಲಿ ನಾನು ಕಂಡ ಅತಿ ವೇಗದ ಬೆಲೆಯೇರಿಕೆ ಅದು. ಅವನಿಗೆ ಕೈಮುಗಿಯಬೇಕು ಅನ್ನಿಸಿತು. ಸಾಮಾನಿನ ನಿಜವಾದ ಬೆಲೆ ತಿಳಿಯಲು ಅದನ್ನು ಬಾಗಿಲ ಕಡೆ ಎರಡಡಿ ಸರಿಸಿದರೆ ಸಾಕು ಎಂದು ಅವನಿಂದ ಕಲಿತೆ.

ಹೃದಯದ ಡಾಕ್ಟರ ಆರು ಡಬ್ಬಿ

ಎರಡನೇ ದಾರಿ, ವರ್ಷಕ್ಕೆ ಉಳಿಯುವ ಲಾಭವನ್ನು ಇಷ್ಟು ಪಟ್ಟು ಎಂದು ಗುಣಿಸುವುದು. ಅದಕ್ಕೆ ವ್ಯಾಪಾರ ನಡೆಯುವುದನ್ನು ಕಣ್ಣಾರೆ ನೋಡಬೇಕು. ಶುಕ್ರವಾರ ಬಂದು ಮೂಲೆಯಲ್ಲಿ ಕೂರುತ್ತೇನೆ, ಯಾರಿಗೂ ಹೇಳಬೇಡಿ ಎಂದಿದ್ದೆ. ಅಡುಗೆಯ ಹೆಂಗಸರಲ್ಲಿ ಒಬ್ಬಳು ಒಬ್ಬರಿಗೆ ಮಾತ್ರ ಹೇಳಿದಳಂತೆ. ಆ ಒಬ್ಬರು ಡಾಕ್ಟರುಗಳ ವಾಟ್ಸ್‌ಆಪ್ ಗುಂಪನ್ನು ನಡೆಸುವವರು.

ಎಪ್ಪತ್ತು ಡಬ್ಬಿ ಹೋಗುವ ಜಾಗದಲ್ಲಿ ಅಂದು ನೂರ ಎಂಬತ್ತಕ್ಕೆ ಬೇಡಿಕೆ. ಅನ್ನ ಮೂರು ಸಲ ಇಟ್ಟರು. ಡಬ್ಬಿ ಸಾಲದೆ ಕೊನೆಗೆ ಐಸ್‌ಕ್ರೀಮಿನ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ ಸಾರು ತುಂಬಿದರು. ಆಸ್ಪತ್ರೆಯ ದೊಡ್ಡ ಹೃದಯ ತಜ್ಞರೊಬ್ಬರು ಖುದ್ದಾಗಿ ಬಂದು ಆರು ಡಬ್ಬಿ ಹೊತ್ತರು. ನಾನು ಕೇಳಿದೆ:

"ಡಾಕ್ಟ್ರೇ, ಮನೇಲಿ ಎಷ್ಟು ಜನ?"

"ನಾನೊಬ್ನೇ. ಮನೆಯವರು ಊರಿಗೆ ಹೋಗಿದ್ದಾರೆ."

"ಆರು ಡಬ್ಬಿ?"

ಅವರು ಗೋಡೆಯ ಕಡೆ ನೋಡುತ್ತಾ, "ಇತ್ತೀಚೆಗೆ ಹಸಿವು ಜಾಸ್ತಿ" ಅಂದರು. ದಿನಾ ಜನರಿಗೆ ಕಡಿಮೆ ತಿನ್ನಿ ಎಂದು ಹೇಳಿ ಸಂಬಳ ತೆಗೆದುಕೊಳ್ಳುವ ಮನುಷ್ಯ.

ಮನಸ್ಸಿಗೆ ಹಿತವೆನಿಸಿದ್ದನ್ನು ಮುಚ್ಚಿಡುವುದಿಲ್ಲ. ಒಬ್ಬ ಅಡುಗೆಯ ಹೆಂಗಸಿನ ಪಾಲಿನ ಬೆಲೆ ಏರಲೆಂದು ಇಷ್ಟು ದೊಡ್ಡ ಮನುಷ್ಯರು ಇಷ್ಟು ಕೆಟ್ಟದಾಗಿ ಸುಳ್ಳು ಹೇಳುವುದನ್ನು ನಾನು ಕಂಡಿರಲಿಲ್ಲ. ಆದರೆ ನಿಯಮ ನಿಯಮವೇ. ಆ ವಾರವನ್ನು ಪೂರ್ತಿ ಬಿಟ್ಟು ಹಿಂದಿನ ಮೂರು ವರ್ಷದ ಸರಾಸರಿ ತೆಗೆದೆ. ಸೋಮವಾರ ಡಾಕ್ಟರು ಅಕ್ಕನಿಗೆ ಫೋನ್ ಮಾಡಿದ್ದರಂತೆ, ಐದನೇ ಡಬ್ಬಿಯಲ್ಲಿ ಉಪ್ಪು ಸ್ವಲ್ಪ ಕಡಿಮೆ ಇತ್ತು ಎಂದು.

ಲೆಸ್ಟರಿನ ಮೂರು ಸತ್ಯ

ಮೂರನೇ ದಾರಿ, ಅಂಥದೇ ವ್ಯಾಪಾರ ಬೇರೆಡೆ ಎಷ್ಟಕ್ಕೆ ಹೋಯಿತು ಎಂದು ವಿಚಾರಿಸುವುದು. ಲೆಸ್ಟರಿನಲ್ಲಿ ಒಬ್ಬ ಹಿರಿಯರು ಇಂಥದೇ ಊಟದ ವ್ಯಾಪಾರವನ್ನು ಹಿಂದಿನ ವರ್ಷ ಮಾರಿದ್ದರು. ಹೋಗಿ ಕೂತೆ. ಅವರು ಒಂದು ಬೆಲೆ ಹೇಳಿದರು. ಕೊಂಡವನನ್ನು ಕೇಳಿದೆ. ಅವನು ಅದರ ಅರ್ಧ ಹೇಳಿದ. ತಿರುಗಿ ಬಂದು ಹಿರಿಯರಿಗೆ ಅದನ್ನು ಹೇಳಿದಾಗ, ಚಹಾ ತಂದ ಅವರ ಹೆಂಡತಿ ಬಟ್ಟಲು ಇಡುತ್ತಾ, "ನನಗೆ ಹೇಳಿದ್ದು ಇವೆರಡೂ ಅಲ್ಲ" ಅಂದರು.

ಹಿರಿಯರು ಒಂದು ಗುಟುಕು ಚಹಾ ಕುಡಿದರು. ಆಮೇಲೆ ಅವರೇ ಕೇಳಿದರು:

"ಅದಿರಲಿ, ಲೀಡ್ಸಿನ ಆಕೆಯದು ಎಷ್ಟಕ್ಕೆ ನಿಲ್ಲಬಹುದು?"

"ಅದನ್ನು ತಿಳಿಯಲೆಂದೇ ನಿಮ್ಮ ಹತ್ತಿರ ಬಂದದ್ದು."

"ಎಷ್ಟಾದರೂ ಆಗಲಿ. ನನ್ನದು ಅದಕ್ಕಿಂತ ಒಂದು ಪೌಂಡ್ ಜಾಸ್ತಿ ಅಂತ ಬರ್ಕೊಳ್ಳಿ."

ಹೊಗಳಿಕೆಯ ವಾರ

ಮೂರು ದಾರಿಯಲ್ಲಿ ನಡೆದರೂ ಒಂದು ಪ್ರಶ್ನೆ ಉಳಿದೇ ಇತ್ತು. ಅಕ್ಕ ಹೋದ ಮೇಲೆ ಗಿರಾಕಿ ಉಳಿಯುತ್ತಾರೆಯೇ? ಉಳಿಯುವುದಿಲ್ಲ ಎಂದಾದರೆ ಅಕ್ಕ ಬಿಟ್ಟುಹೋಗುವ ವ್ಯಾಪಾರಕ್ಕೆ ಬೆಲೆಯೇ ಇಲ್ಲ, ಅವರ ಪಾಲಿಗೂ ಇಲ್ಲ. ಅವರ ಕೈಗುಣ ದೊಡ್ಡದಾದಷ್ಟೂ ಅವರ ಪೆನ್ಷನ್ ಚಿಕ್ಕದು. ನಮ್ಮ ವೃತ್ತಿಯ ಕ್ರೂರವಾದ ಲೆಕ್ಕ ಇದು. ಆದರೆ ಲೆಕ್ಕ ತಪ್ಪಲ್ಲ.

ಅದಕ್ಕೊಂದು ಪರೀಕ್ಷೆ ಇಟ್ಟೆ. ಸೋಮವಾರ, ಮಂಗಳವಾರ ಅಕ್ಕನೇ ಅಡುಗೆ ಮಾಡುವುದು. ಬುಧವಾರದಿಂದ ಶುಕ್ರವಾರದ ತನಕ ಅವರು ಒಳಗೆ ಕಾಲಿಡದೆ ನಾಲ್ವರು ಹೆಂಗಸರೇ ಮಾಡುವುದು. ಪ್ರತಿ ಡಬ್ಬಿಯ ಜೊತೆ ಒಂದು ಚೀಟಿ, ಊಟ ಹೇಗಿತ್ತು ಎಂದು ಬರೆಯಲು. ಯಾವ ದಿನ ಯಾರ ಅಡುಗೆ ಎಂಬುದು ಗಿರಾಕಿಗಳಿಗೆ ಗೊತ್ತಾಗಕೂಡದು.

ಭಾನುವಾರವೇ ಎಂಜಿನಿಯರ್ ವಾಟ್ಸ್‌ಆಪಿನಲ್ಲಿ ಹಾಕಿದ: "ಈ ವಾರ ಅಕ್ಕ ಅಡುಗೆ ಮಾಡ್ತಿಲ್ಲ. ದಯವಿಟ್ಟು ಪ್ರಾಮಾಣಿಕವಾಗಿ ಬರೆಯಿರಿ." ಬೆಲೆ ಇಳಿಸುವ ಉಪಾಯ. ಪ್ರಾಮಾಣಿಕತೆಯನ್ನು ಇಷ್ಟು ಚುರುಕಾಗಿ ಬಳಸಿದವರನ್ನು ನಾನು ಕಂಡಿಲ್ಲ.

ಸೋಮವಾರ ಚೀಟಿಗಳು ಬಂದವು. ಅಡುಗೆ ಅಕ್ಕನದೇ. ಚೀಟಿಗಳಲ್ಲಿ ಇದ್ದದ್ದು ಹೀಗೆ: "ಮೊದಲ ತುತ್ತಿಗೇ ಗೊತ್ತಾಯಿತು, ಇದು ಅಕ್ಕನ ಕೈ ಅಲ್ಲ." "ಎಣ್ಣೆಗಾಯಿಗೆ ಜೀವ ಇಲ್ಲ." "ಅಕ್ಕನ ಸಾರು ಕುಡಿದ ನಾಲಿಗೆಗೆ ಇದು ಶಿಕ್ಷೆ." ಹೃದಯದ ಡಾಕ್ಟರು ಎರಡೂ ಬದಿ ತುಂಬ ಬರೆದಿದ್ದರು. ನಾನು ಅವನ್ನೆಲ್ಲ ಅಕ್ಕನ ಮುಂದೆಯೇ ಓದಿದೆ. ಅವರು ಸೌಟು ಕೆಳಗಿಟ್ಟು ಕೇಳಿಸಿಕೊಂಡರು.

"ಇಷ್ಟು ವರ್ಷ ಏನು ಉಣ್ಣಾಕತ್ತಾರ ಅಂತ ಇವತ್ತು ಗೊತ್ತಾತ್ರಿ ನನಗ" ಅಂದರು.

ಮಂಗಳವಾರ ಸಂಜೆ ಯಾರೋ ಒಬ್ಬ ಡಾಕ್ಟರಿಗೆ ಹೊಳೆಯಿತು, ಹೀಗೆ ಹೊಗಳಿ ಹೊಗಳಿ ಅಕ್ಕನ ಹಣವನ್ನೇ ಕರಗಿಸುತ್ತಿದ್ದೇವೆ ಎಂದು. ಗುಂಪಿಗೆ ಸುದ್ದಿ ಹೋಯಿತು. ಬುಧವಾರದಿಂದ ಚೀಟಿಗಳ ದನಿಯೇ ಬೇರೆ. "ಅಮೃತ." "ಇಂಥ ಊಟ ಹಿಂದೆಂದೂ ಉಂಡಿಲ್ಲ." ಹೃದಯದ ಡಾಕ್ಟರದು ಒಂದೇ ಸಾಲು: "ಯಾವ ಅಕ್ಕ?"

ಗುರುವಾರದ ಡಬ್ಬಿ

ಚೀಟಿಗಳನ್ನು ಕಸಕ್ಕೆ ಹಾಕಿದೆ. ಮನುಷ್ಯರು ಕೈಯಾಡಿಸಲಾರದ ಸಾಕ್ಷಿ ಏನಾದರೂ ಇದೆಯೇ ಎಂದು ಯೋಚಿಸುತ್ತಾ ನಿಂತಾಗ ನಾಲ್ವರಲ್ಲೇ ಪಾತ್ರೆಯನ್ನೂ ತೊಳೆಯುವ ಹೆಂಗಸು ಹೇಳಿದಳು: "ಬಾಯಿ ಸುಳ್ಳು ಹೇಳ್ತದೆ ಸಾರ್. ವಾಪಸ್ ಬಂದ ಡಬ್ಬಿ ಹೇಳಲ್ಲ. ಐದೂ ದಿನ ತೊಳೆದವಳು ನಾನೇ ಅಲ್ವಾ?"

ನನ್ನ ವಿದ್ಯೆಯ ಯಾವ ಪುಸ್ತಕದಲ್ಲೂ ಇಲ್ಲದ ದಾರಿ. ಅವಳನ್ನು ಕೂರಿಸಿ ಒಂದೊಂದು ದಿನದ್ದೂ ಕೇಳಿ ಬರೆದುಕೊಂಡೆ. ಅಕ್ಕ ಮಾಡಿದ ದಿನ ಡಬ್ಬಿಗಳು ಬರಿದು. ಉಳಿದವರು ಮಾಡಿದ ದಿನವೂ ಬರಿದು, ಒಂದು ಡಬ್ಬಿ ಬಿಟ್ಟು. ಒಂಬತ್ತು ವರ್ಷದಲ್ಲಿ ಅಕ್ಕ ತನ್ನ ಕೈಯನ್ನು ಇನ್ನು ಎಂಟು ಕೈಗೆ ಕಲಿಸಿಬಿಟ್ಟಿದ್ದರು. ನಾನು ಬೆಲೆ ಕಟ್ಟಬೇಕಾಗಿದ್ದದ್ದು ಅದಕ್ಕೇ. ಕೊನೆಗೆ ಬಂದ ಅಂಕಿಯ ಅರ್ಧವನ್ನು ಎಂಜಿನಿಯರ್ ಮೂರು ಕಂತಿನಲ್ಲಿ ಕೊಡುವಂತಾಯಿತು. ಒಟ್ಟು ಅಂಕಿ ಎಂಬತ್ತು ಸಾವಿರದ ಒಳಗಂತೂ ಇರಲಿಲ್ಲ. ಬರ್ಮಿಂಗ್‌ಹ್ಯಾಮಿನ ಕಂಪನಿ ಸುಮ್ಮನಾಯಿತು. ನಾಲ್ವರೂ ಇಂದಿಗೂ ಅಲ್ಲೇ ಇದ್ದಾರೆ.

ಆದರೆ ಆ ಅಂಕಿಯನ್ನು ಬರೆಯುವ ಮೊದಲು ನಡೆದದ್ದನ್ನು ಹೇಳಬೇಕು.

ಗುರುವಾರ ಒಂದೇ ಒಂದು ಡಬ್ಬಿ ಅರ್ಧ ಸಾರಿನ ಸಮೇತ ವಾಪಸ್ ಬಂದಿತ್ತು. ಮುಚ್ಚಳದ ಕೆಳಗೆ ಚೀಟಿ, ತೊಳೆಯುವವಳು ಎತ್ತಿಟ್ಟುಕೊಂಡಿದ್ದಳು: "ಹುಳಿ ಮುಂದಾಗಿದೆ." ಹೆಸರಿರಲಿಲ್ಲ. ಬೇಕಿರಲೂ ಇಲ್ಲ. ಆ ಅಕ್ಷರ ಅಡುಗೆಮನೆಯ ಪ್ರತಿ ಮಸಾಲೆ ಡಬ್ಬದ ಮೇಲೂ ಇತ್ತು. ಒಳಗೆ ಕಾಲಿಡಬಾರದು ಎಂದಿದ್ದೆನಲ್ಲ, ಅಕ್ಕ ಹೊರಗೆ ನಿಂತು ಎಲ್ಲರ ಹಾಗೆ ದುಡ್ಡು ಕೊಟ್ಟು ಡಬ್ಬಿ ಕೊಂಡು ಹೋಗಿದ್ದರು.

ಶನಿವಾರ ಅವರ ಮನೆಗೆ ಹೋದೆ. ಚೀಟಿಯನ್ನು ಮೇಜಿನ ಮೇಲಿಟ್ಟೆ. ನಿಯಮ ಬರೆದವನು ನಾನು. ಅದನ್ನು ಮುರಿದವರ ಪಟ್ಟಿಯಲ್ಲಿ ಕೊನೆಯ ಹೆಸರೂ ನನ್ನದೇ.

"ಅಕ್ಕ, ಇಡೀ ವಾರದಲ್ಲಿ ದೂರು ಅಂತ ಬಂದಿರೋದು ಇದೊಂದೇ ಡಬ್ಬಿ. ಇದು ಲೆಕ್ಕಕ್ಕೆ ಬಂದ್ರೆ ನಿಮ್ಮ ಪಾಲು ಸ್ವಲ್ಪ ಇಳೀತದೆ. ನೀವು ಇದನ್ನ ವಾಪಸ್ ತಗೊಳ್ಳಿ. ನಾನು ನೋಡೇ ಇಲ್ಲ ಅಂದ್ಕೊಳ್ತೀನಿ."

"ನೀವು ನೋಡಿಲ್ಲ ಅಂದ್ರ ಹುಳಿ ಕಡಿಮಿ ಆಗತೈತೇನ್ರಿ?"

"ಹುಳಿ ಅಲ್ಲ ಅಕ್ಕ, ಕಡಿಮೆ ಆಗೋದು ನಿಮ್ಮ ದುಡ್ಡು."

"ನಾಕೂ ಮಂದೀನ ಒಂಬತ್ತು ವರ್ಷ ಬೈದು ಬೈದು ಕಲಿಸೇನ್ರಿ. ಈಗ ರೊಕ್ಕಕ್ಕ ಚಲೋ ಆಗೇತಿ ಅಂತ ಬರದ್ರ, ನಾಳಿಗೂ ಹುಳಿ ಹಂಗ ಇರತೈತಿ." ಕೈ ಚಾಚಿದರು. "ಕೊಡ್ರಿ ಇಲ್ಲೆ ಆ ಚೀಟಿ."

ಕೊಟ್ಟೆ. ಕೊನೆಗೂ ಒಪ್ಪಿದರಲ್ಲ ಎಂದು ಸಮಾಧಾನವಾಯಿತು.

ಅಕ್ಕ ನನ್ನ ಜೇಬಿನ ಪೆನ್ನು ಕೇಳಿ ತೆಗೆದುಕೊಂಡರು. ಸೋತ ಮಣಿಕಟ್ಟಿಗೆ ಪಟ್ಟಿ ಸುತ್ತಿದ ಆ ಕೈಯಲ್ಲೇ, ಮೊದಲ ಸಾಲಿನ ಕೆಳಗೆ ನಿಧಾನವಾಗಿ ಇನ್ನೊಂದು ಸಾಲು ಬರೆದರು: "ಒಗ್ಗರಣಿನೂ ಹೊತ್ತೈತಿ."